ಬ್ರಿಟನ್ನಿನ ಕಡಲತೀರದ ರಜಾಮನೆ: ಹೀಟಿಂಗ್ ಎಂಜಿನಿಯರನ್ನು ಹುಡುಕುವ, ಗ್ಯಾಸ್ ತಪಾಸಣೆ ಮಾಡಿಸುವ ಕ್ರಮ

ಕಾರ್ನ್‌ವಾಲ್‌ನ ಪೋರ್ಟ್ ಐಸಾಕ್, ಯಾರ್ಕ್‌ಶೈರಿನ ರಾಬಿನ್ ಹುಡ್ಸ್ ಬೇ ಮೊದಲಾದ ಕಡಲತೀರದ ಹಳ್ಳಿಗಳಲ್ಲಿ ಸಣ್ಣ ಮನೆಯೊಂದನ್ನು ಕೊಂಡು, ಅದನ್ನು ವಾರದ ಲೆಕ್ಕದಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಕನ್ನಡಿಗರು ಇಂಗ್ಲೆಂಡಿನಲ್ಲಿದ್ದಾರೆ. ಅಲ್ಲಿ ಬಹುಕಾಲ ದುಡಿದು ಈಗ ಬೆಂಗಳೂರು, ಮೈಸೂರಿಗೆ ಮರಳಿದ ಮೇಲೂ ಅಂಥ ಮನೆಯನ್ನು ಉಳಿಸಿಕೊಂಡವರಿದ್ದಾರೆ. ಇವರೆಲ್ಲ ಪದೇ ಪದೇ ಕೇಳುವುದು ಎರಡೇ ಪ್ರಶ್ನೆ: ಹಳ್ಳಿಯಲ್ಲಿ ಬಾಯ್ಲರ್ ನೋಡುವವರು ಯಾಕೆ ಸಿಗುವುದಿಲ್ಲ, ಮತ್ತು ಗ್ಯಾಸ್ ಸರ್ಟಿಫಿಕೇಟ್ ಎಂಬುದನ್ನು ಯಾರಿಂದ, ಯಾವಾಗ, ಹೇಗೆ ಪಡೆಯಬೇಕು? ಲಂಡನ್ನಿನಲ್ಲೋ ಬರ್ಮಿಂಗ್‌ಹ್ಯಾಮಿನಲ್ಲೋ ಒಂದು ಫೋನ್ ಕರೆಗೆ ಮುಗಿಯುವ ಈ ಕೆಲಸ ಕಡಲತೀರದಲ್ಲಿ ಕಷ್ಟವಾಗುವುದು ಕಾನೂನಿನಿಂದಲ್ಲ. ಇಂಧನವೇ ಬೇರೆ, ಎಂಜಿನಿಯರುಗಳು ಕಡಿಮೆ, ಅವರು ಸುತ್ತಬೇಕಾದ ಊರುಗಳು ದೂರ ದೂರ, ಮೇಲಾಗಿ ಎಲ್ಲ ಮಾಲೀಕರೂ ಪ್ರವಾಸಿಗರ ಕಾಲ ಶುರುವಾಗುವ ಈಸ್ಟರ್ ಹತ್ತಿರ ಬಂದಾಗ ಒಟ್ಟಿಗೆ ಎಚ್ಚರಗೊಳ್ಳುತ್ತಾರೆ. ಈ ನಾಲ್ಕನ್ನೂ ಗಮನದಲ್ಲಿಟ್ಟುಕೊಂಡು ಕೆಲಸದ ಕ್ರಮವನ್ನು ಕೆಳಗೆ ವಿವರಿಸಿದ್ದೇನೆ. ಇಲ್ಲಿ ಹೇಳಿರುವ ನಿಯಮಗಳು ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡಿಗೆ ಅನ್ವಯಿಸುತ್ತವೆ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. 1998ರ ಗ್ಯಾಸ್ ಸುರಕ್ಷತಾ ನಿಯಮಾವಳಿಯ 36ನೇ ನಿಯಮದಂತೆ, ಬಾಡಿಗೆಗೆ ಕೊಡುವ ಮನೆಯಲ್ಲಿ ಮಾಲೀಕರು ಒದಗಿಸಿರುವ ಪ್ರತಿಯೊಂದು ಗ್ಯಾಸ್ ಉಪಕರಣವನ್ನೂ ಅದರ ಫ್ಲೂವನ್ನೂ, ಅಂದರೆ ಉರಿದ ಅನಿಲವನ್ನು ಮನೆಯಿಂದ ಹೊರಕ್ಕೆ ಒಯ್ಯುವ ಕೊಳವೆಯನ್ನೂ, ಹನ್ನೆರಡು ತಿಂಗಳಿಗೊಮ್ಮೆ ತಪಾಸಣೆ ಮಾಡಿಸಬೇಕು. ವಾರದ ಮಟ್ಟಿಗೆ ಬಾಡಿಗೆಗೆ ಕೊಡುವ ರಜಾಮನೆಗೂ, ಹಾಲಿಡೇ ಪಾರ್ಕಿನಲ್ಲಿ ನಿಲ್ಲಿಸಿರುವ ಕ್ಯಾರವಾನಿಗೂ, ಅಂದರೆ ಎಳೆದೊಯ್ಯಬಹುದಾದ ಗಾಲಿಮನೆಗೂ, ಇದು ಅನ್ವಯಿಸುತ್ತದೆ. "ನಮ್ಮದು ವರ್ಷಕ್ಕೆ ಹತ್ತು ವಾರ ಮಾತ್ರ ಬಾಡಿಗೆಗೆ ಹೋಗುತ್ತದೆ, ನಮಗೇಕೆ?" ಎಂಬ ವಾದ ನಡೆಯುವುದಿಲ್ಲ. ಮನೆಯಲ್ಲಿ ಬಾಯ್ಲರ್ ಇಲ್ಲದೆ ಅಡುಗೆಯ ಗ್ಯಾಸ್ ಒಲೆ ಒಂದೇ ಇದ್ದರೂ ತಪಾಸಣೆ ಆಗಲೇಬೇಕು. ತಪ್ಪಿದರೆ ಅದು ಅಪರಾಧ. ದಂಡ ಮಾತ್ರವಲ್ಲ, ಜೈಲುಶಿಕ್ಷೆಯೂ ಆಗಬಹುದು.

ಆದರೆ ದಂಡದ ಭಯಕ್ಕಿಂತ ದೊಡ್ಡ ಕಾರಣವೊಂದಿದೆ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ, ಅಥವಾ ಉರಿದ ಗಾಳಿ ಹೊರಗೆ ಹೋಗದೆ ಕೋಣೆಯಲ್ಲೇ ಉಳಿದರೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಸೇರಿಕೊಳ್ಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. 2006ರ ಅಕ್ಟೋಬರಿನಲ್ಲಿ ಗ್ರೀಸಿನ ಕೋರ್ಫು ದ್ವೀಪಕ್ಕೆ ರಜೆಗೆಂದು ಹೋಗಿದ್ದ ಇಬ್ಬರು ಬ್ರಿಟಿಷ್ ಮಕ್ಕಳು, ಕೆಟ್ಟ ಬಾಯ್ಲರಿನಿಂದ ಕೋಣೆಗೆ ನುಗ್ಗಿದ ಈ ಅನಿಲದಿಂದಲೇ ತೀರಿಕೊಂಡರು. ತಮ್ಮ ಮನೆಯಲ್ಲಿ ಯಾವ ಉಪಕರಣ ಎಲ್ಲಿದೆ, ಅದು ಹೇಗೆ ಸದ್ದು ಮಾಡುತ್ತದೆ ಎಂಬುದು ಮನೆಯವರಿಗೆ ಗೊತ್ತಿರುತ್ತದೆ. ರಜೆಗೆ ಬಂದವರಿಗೆ ಅದು ಯಾವುದೂ ಗೊತ್ತಿರುವುದಿಲ್ಲ. ಅವರು ನಿಮ್ಮನ್ನು ನಂಬಿ ಮಲಗುತ್ತಾರೆ.

1. ನಿಮ್ಮ ಮನೆಯಲ್ಲಿ ಯಾವ ಇಂಧನವಿದೆ ಎಂದು ಖಚಿತ ಮಾಡಿಕೊಳ್ಳಿ

ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ. ನಗರಗಳಲ್ಲಿ ನೆಲದಡಿಯ ಕೊಳವೆಯಲ್ಲಿ ನೈಸರ್ಗಿಕ ಅನಿಲ ಬರುತ್ತದೆ. ಕಡಲತೀರದ ಅನೇಕ ಹಳ್ಳಿಗಳಿಗೆ ಆ ಕೊಳವೆಯೇ ಬಂದಿಲ್ಲ. ಅಲ್ಲಿ ಮೂರು ಬಗೆಯ ವ್ಯವಸ್ಥೆ ಕಾಣಬಹುದು: ಹಿತ್ತಲಿನಲ್ಲಿ ಎಲ್‌ಪಿಜಿಯ ದೊಡ್ಡ ಟ್ಯಾಂಕ್, ಗೋಡೆಯ ಪಕ್ಕ ಸಾಲಾಗಿ ನಿಲ್ಲಿಸಿದ 47 ಕಿಲೋ ತೂಕದ ಪ್ರೊಪೇನ್ ಸಿಲಿಂಡರುಗಳು (ಇದೂ ಎಲ್‌ಪಿಜಿಯೇ), ಇಲ್ಲವೇ ಸೀಮೆಎಣ್ಣೆಯಂಥ ಇಂಧನದಿಂದ ಉರಿಯುವ ಆಯಿಲ್ ಬಾಯ್ಲರ್. ಇವಲ್ಲದೆ ಕಟ್ಟಿಗೆ ಉರಿಸುವ ಒಲೆಯೂ ಇರಬಹುದು.

ಇಂಧನ ಬದಲಾದರೆ ಬರಬೇಕಾದ ವ್ಯಕ್ತಿಯೂ ಬದಲಾಗುತ್ತಾರೆ. ನೈಸರ್ಗಿಕ ಅನಿಲಕ್ಕೂ ಎಲ್‌ಪಿಜಿಗೂ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ನೋಂದಾಯಿತರಾದವರು ಬೇಕು. 2009ರ ಏಪ್ರಿಲ್ 1ರಂದು ಹಿಂದಿನ ಕೋರ್ಗಿ ನೋಂದಣಿಯ ಜಾಗಕ್ಕೆ ಬಂದ ಅಧಿಕೃತ ಪಟ್ಟಿ ಇದು. ಇದರಲ್ಲಿ ಇಲ್ಲದವರು ಗ್ಯಾಸಿನ ಕೆಲಸ ಮಾಡುವುದು ಕಾನೂನುಬಾಹಿರ. ಆಯಿಲ್ ಬಾಯ್ಲರಿಗೆ ಸಾಮಾನ್ಯವಾಗಿ ಆಫ್ಟೆಕ್ ನೋಂದಣಿಯವರನ್ನೂ, ಕಟ್ಟಿಗೆ ಒಲೆಗೆ ಹೆಟಾಸ್ ನೋಂದಣಿಯವರನ್ನೂ ಕರೆಯುತ್ತಾರೆ. ಹಳ್ಳಿಮನೆಗಳಲ್ಲಿ ಬಿಸಿನೀರಿಗೆ ಆಯಿಲ್ ಬಾಯ್ಲರ್, ಅಡುಗೆಗೆ ಸಿಲಿಂಡರ್ ಗ್ಯಾಸಿನ ಒಲೆ ಎರಡೂ ಇರುವುದು ತೀರ ಸಾಮಾನ್ಯ. ಇಂಥ ಮನೆಯ ಮಾಲೀಕರು ಆಫ್ಟೆಕ್‌ನವರಿಂದ ಬಾಯ್ಲರ್ ಸರ್ವಿಸ್ ಮಾಡಿಸಿ "ಹೀಟಿಂಗ್ ಆಯಿತು" ಎಂದು ಸುಮ್ಮನಾಗುತ್ತಾರೆ. ಒಲೆಯ ತಪಾಸಣೆ ವರ್ಷಗಟ್ಟಲೆ ಉಳಿದುಹೋಗುತ್ತದೆ. ಎರಡೂ ನೋಂದಣಿ ಇರುವ ಒಬ್ಬರೇ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಇಬ್ಬರನ್ನು ಕರೆಯಲೇಬೇಕು.

ಕರ್ನಾಟಕದಲ್ಲಿ ಸಿಲಿಂಡರ್ ಬದಲಿಸಿ, ರೆಗ್ಯುಲೇಟರ್ ಸಿಕ್ಕಿಸಿ ಅಭ್ಯಾಸವಾದ ನಮಗೆ ಎಲ್‌ಪಿಜಿ ಹೊಸದಲ್ಲ. ಅದೇ ಧೈರ್ಯದಲ್ಲಿ ಅಲ್ಲಿ ಒಲೆಯನ್ನು ತಾವೇ ಜೋಡಿಸಲು ಹೋಗುವುದು ಮಾತ್ರ ಕೂಡದು. ಖಾಲಿ ಸಿಲಿಂಡರ್ ಬದಲಿಸುವುದು ಬೇರೆ, ಉಪಕರಣ ಜೋಡಿಸುವುದು ಬೇರೆ.

2. ಉಪಕರಣಗಳ ಪಟ್ಟಿ ಮತ್ತು ಫೋಟೋಗಳನ್ನು ಸಿದ್ಧಪಡಿಸಿ

ಬಾಯ್ಲರ್, ಒಲೆ, ಕೂರುವ ಕೋಣೆಯ ಗ್ಯಾಸ್ ಫೈರ್ (ಕೋಣೆ ಬೆಚ್ಚಗಿಡುವ ಗ್ಯಾಸ್ ಅಗ್ಗಿಷ್ಟಿಕೆ), ಚಳಿಗೆಂದು ಮೂಲೆಯಲ್ಲಿಟ್ಟಿರುವ ಚಕ್ರದ ಕ್ಯಾಬಿನೆಟ್ ಹೀಟರ್, ಎಲ್ಲವನ್ನೂ ಬರೆದುಕೊಳ್ಳಿ. ಕ್ಯಾಬಿನೆಟ್ ಹೀಟರ್ ಅತ್ತಿತ್ತ ಒಯ್ಯುವಂಥದ್ದು ಎಂದು ಪಟ್ಟಿಯಿಂದ ಬಿಡಬೇಡಿ. ಮಾಲೀಕರು ಒದಗಿಸಿದ್ದರೆ ಅದೂ ತಪಾಸಣೆಗೆ ಒಳಪಡುತ್ತದೆ. ನನ್ನ ಅಭಿಪ್ರಾಯದಲ್ಲಿ ಅದನ್ನು ರಜಾಮನೆಯಿಂದ ತೆಗೆದುಬಿಡುವುದೇ ಲೇಸು.

ನಂತರ ಐದಾರು ಫೋಟೋ ತೆಗೆದಿಡಿ: ಬಾಯ್ಲರಿನ ಡೇಟಾ ಪ್ಲೇಟ್, ಅಂದರೆ ಮಾದರಿಯ ಹೆಸರು ಮತ್ತು ಜಿಸಿ ಸಂಖ್ಯೆ ಎಂಬ ಗುರುತಿನ ಸಂಖ್ಯೆ ಅಚ್ಚಾಗಿರುವ ಪಟ್ಟಿ, ಬಾಯ್ಲರ್ ಇರುವ ಕಪಾಟು, ಹೊರಗೋಡೆಯಲ್ಲಿ ಫ್ಲೂವಿನ ಬಾಯಿ, ಸಿಲಿಂಡರ್ ಅಥವಾ ಟ್ಯಾಂಕ್, ರೆಗ್ಯುಲೇಟರ್. ಫೋಟೋ ನೋಡಿದ ಎಂಜಿನಿಯರ್, ತನ್ನಿಂದ ಆಗುವ ಕೆಲಸವೋ ಅಲ್ಲವೋ ಎಂಬುದನ್ನು ಐವತ್ತು ಮೈಲಿ ಓಡಾಡದೆ ಹೇಳಬಲ್ಲರು. ಫೋಟೋ ಸಹಿತ ಕೇಳಿದವರಿಗೆ ಉತ್ತರ ಬೇಗ ಸಿಗುತ್ತದೆ.

ಮಲಗುವ ವ್ಯವಸ್ಥೆಯನ್ನೂ ಈ ಹಂತದಲ್ಲೇ ಪರಿಶೀಲಿಸಿ. ನಾಲ್ಕು ಜನರ ಮನೆಯಲ್ಲಿ ಆರು ಜನ ಉಳಿಯಲೆಂದು ಕೂರುವ ಕೋಣೆಗೆ ಸೋಫಾ ಬೆಡ್ ಹಾಕಿದ ಕ್ಷಣದಿಂದ ಆ ಕೋಣೆ ಮಲಗುವ ಕೋಣೆಯಾಗುತ್ತದೆ. ಅಲ್ಲಿ ಗ್ಯಾಸ್ ಫೈರ್ ಇದ್ದರೆ ನಿಯಮ ಬಿಗಿಯಾಗುತ್ತದೆ. ಮಲಗುವ ಕೋಣೆಯಲ್ಲಿ 14 ಕಿಲೋವ್ಯಾಟ್‌ಗಿಂತ ಹೆಚ್ಚು ಸಾಮರ್ಥ್ಯದ ಉಪಕರಣವಿದ್ದರೆ ಅದು ರೂಮ್ ಸೀಲ್ಡ್ ಆಗಿರಬೇಕು, ಅಂದರೆ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು ಹೊರಕ್ಕೇ ಬಿಡುವಂಥದ್ದಾಗಿರಬೇಕು. ಅದಕ್ಕಿಂತ ಕಡಿಮೆ ಸಾಮರ್ಥ್ಯದ್ದಾದರೆ ಒಂದೋ ರೂಮ್ ಸೀಲ್ಡ್ ಆಗಿರಬೇಕು, ಇಲ್ಲವೇ ವಿಷಾನಿಲ ಅಪಾಯದ ಮಟ್ಟಕ್ಕೆ ಏರುವ ಮುನ್ನ ತಾನೇ ಆರಿಹೋಗುವ ಸಾಧನ ಅದರಲ್ಲಿರಬೇಕು. ಹಳೆಯ ಗ್ಯಾಸ್ ಫೈರುಗಳಲ್ಲಿ ಕೆಲವಕ್ಕೆ ಈ ಎರಡೂ ಇರುವುದಿಲ್ಲ. ಸೋಫಾ ಬೆಡ್ ಇರುವ ವಿಷಯವನ್ನು ಎಂಜಿನಿಯರಿಗೆ ನೀವೇ ಹೇಳಬೇಕು. ಮಡಚಿಟ್ಟ ಸೋಫಾ ನೋಡಿದವರಿಗೆ ಅದು ಹಾಸಿಗೆ ಎಂದು ತಿಳಿಯಬೇಕಿಲ್ಲ.

3. ತಿಂಗಳು ಆರಿಸಿಕೊಳ್ಳಿ

ಈಸ್ಟರಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಮನೆ ಖಾಲಿ ಸಿಗುವುದು ಒಂದು ತಂಡ ಹೊರಟು ಇನ್ನೊಂದು ಬರುವ ನಡುವಿನ ಕೆಲವೇ ಗಂಟೆಗಳು, ಅದೂ ಸಾಮಾನ್ಯವಾಗಿ ಶುಕ್ರವಾರ ಅಥವಾ ಶನಿವಾರ. ಆ ಹೊತ್ತಿನಲ್ಲಿ ಸ್ವಚ್ಛತೆಯವರು ಮನೆಯಲ್ಲಿರುತ್ತಾರೆ, ರಸ್ತೆ ತುಂಬ ಕಾರುಗಳಿರುತ್ತವೆ. ಪೋರ್ಟ್ ಐಸಾಕ್‌ನಂಥ ಇಕ್ಕಟ್ಟಾದ ಓಣಿಗಳಲ್ಲಿ ಬೇಸಿಗೆಯ ಶನಿವಾರ ಸಾಮಾನಿನ ವ್ಯಾನ್ ಒಳಗೆ ತರಲು ಯಾವ ಎಂಜಿನಿಯರೂ ಇಷ್ಟಪಡುವುದಿಲ್ಲ. ಅಕ್ಟೋಬರ್ ಬಂದೊಡನೆ ಸ್ಥಳೀಯರೆಲ್ಲ ಹೀಟಿಂಗ್ ಹಾಕುತ್ತಾರೆ, ಕೆಟ್ಟ ಬಾಯ್ಲರುಗಳ ಕರೆ ಶುರುವಾಗುತ್ತದೆ. ಹಾಗಾಗಿ ಹೊಸ ವರ್ಷ ಕಳೆದು ಫೆಬ್ರವರಿ ಮಧ್ಯದ ಶಾಲಾ ರಜೆ ಬರುವ ಮುಂಚಿನ ವಾರಗಳು ತಪಾಸಣೆಗೆ ಅನುಕೂಲ. ತಪಾಸಣೆಯಲ್ಲಿ ದೋಷ ಕಂಡರೂ ಬಿಡಿಭಾಗ ತರಿಸಿ ರಿಪೇರಿ ಮಾಡಿಸಲು ಈಸ್ಟರಿನವರೆಗೆ ಕಾಲಾವಕಾಶ ಉಳಿಯುತ್ತದೆ.

2018ರ ತಿದ್ದುಪಡಿ ಇದಕ್ಕೆ ನೆರವಾಗುತ್ತದೆ. ಅವಧಿ ಮುಗಿಯುವ ಮುಂಚಿನ ಎರಡು ತಿಂಗಳೊಳಗೆ ತಪಾಸಣೆ ಮಾಡಿಸಿದರೆ ಹಳೆಯ ಗಡುವೇ ಮುಂದುವರಿಯುತ್ತದೆ. ಉದಾಹರಣೆಗೆ ನಿಮ್ಮ ಗಡುವು 2026ರ ಮಾರ್ಚ್ 20 ಆಗಿದ್ದು, ತಪಾಸಣೆ ಜನವರಿ 25ರಂದೇ ಆದರೂ ಮುಂದಿನ ಗಡುವು 2027ರ ಮಾರ್ಚ್ 20, ದಿನಗಳು ನಷ್ಟವಾಗುವುದಿಲ್ಲ. ಎರಡು ತಿಂಗಳಿಗಿಂತ ಮುಂಚೆ ಮಾಡಿಸಿದರೆ ಮಾತ್ರ ಹೊಸ ದಿನಾಂಕದಿಂದ ಲೆಕ್ಕ ಶುರುವಾಗುತ್ತದೆ. ನಿಮ್ಮ ಗಡುವು ಜುಲೈನಲ್ಲೋ ಆಗಸ್ಟಿನಲ್ಲೋ ಸಿಕ್ಕಿಕೊಂಡಿದ್ದರೆ ಬೇಕೆಂದೇ ಒಮ್ಮೆ ಜನವರಿ ಅಥವಾ ಫೆಬ್ರವರಿಯಲ್ಲಿ ಮಾಡಿಸಿಬಿಡಿ. ಒಂದು ಬಾರಿ ಕೆಲವು ತಿಂಗಳು ಕಳೆದುಕೊಂಡರೂ ಮುಂದಿನ ಎಲ್ಲ ವರ್ಷಗಳ ತಪಾಸಣೆ ಬಿಡುವಿನ ಕಾಲಕ್ಕೆ ಬಂದು ನಿಲ್ಲುತ್ತದೆ.

4. ಎಂಜಿನಿಯರನ್ನು ಹುಡುಕಿ, ಅರ್ಹತೆಯನ್ನು ಪರಿಶೀಲಿಸಿ

ಗ್ಯಾಸ್ ಸೇಫ್ ರಿಜಿಸ್ಟರ್‌ನ ಜಾಲತಾಣದಲ್ಲಿ ಮನೆಯ ಪೋಸ್ಟ್‌ಕೋಡ್ ಹಾಕಿದರೆ ಆ ಭಾಗದಲ್ಲಿ ಕೆಲಸ ಮಾಡುವ ನೋಂದಾಯಿತ ಸಂಸ್ಥೆಗಳ ಪಟ್ಟಿ ಬರುತ್ತದೆ. 0800 408 5500ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಹಳ್ಳಿಯ ಕೋಡಿನಲ್ಲಿ ಯಾರೂ ಸಿಗದಿದ್ದರೆ ಹತ್ತಿರದ ಪೇಟೆಯ ಕೋಡ್ ಹಾಕಿ ನೋಡಿ. ಪೋರ್ಟ್ ಐಸಾಕ್‌ನ ಕೆಲಸಕ್ಕೆ ವೇಡ್‌ಬ್ರಿಜ್‌ನವರು, ರಾಬಿನ್ ಹುಡ್ಸ್ ಬೇಗೆ ವಿಟ್ಬಿಯವರು ಬರುವುದು ಸಹಜ. ಎಲ್‌ಪಿಜಿ ಟ್ಯಾಂಕ್ ಇದ್ದರೆ ಗ್ಯಾಸ್ ಪೂರೈಸುವ ಕಂಪನಿಯನ್ನು, ಆಯಿಲ್ ಇದ್ದರೆ ಎಣ್ಣೆ ತರುವವರನ್ನು ಕೇಳಿ. ಅಕ್ಕಪಕ್ಕದಲ್ಲಿ ವರ್ಷಪೂರ್ತಿ ವಾಸಿಸುವವರು ಕರೆಯುವ ಎಂಜಿನಿಯರ್ ಯಾರೆಂದು ತಿಳಿಯುವುದು ಎಲ್ಲಕ್ಕಿಂತ ಉತ್ತಮ, ಏಕೆಂದರೆ ಚಳಿಗಾಲದ ರಾತ್ರಿ ಕರೆದರೂ ಬರುವವರು ಅಂಥವರೇ.

ಹೀಟಿಂಗ್ ಎಂಜಿನಿಯರ್ ಎಂದು ಯಾರು ಬೇಕಾದರೂ ಹೇಳಿಕೊಳ್ಳಬಹುದು. ರೇಡಿಯೇಟರ್ ಬದಲಿಸುವಂಥ ನೀರಿನ ಕಡೆಯ ಕೆಲಸಕ್ಕೆ ಗ್ಯಾಸ್ ನೋಂದಣಿ ಬೇಕಿಲ್ಲ. ಗ್ಯಾಸ್ ಮುಟ್ಟುವ ಕೆಲಸಕ್ಕೆ ಬೇಕು. ವ್ಯಾನಿನ ಮೇಲಿನ ಹಳದಿ ತ್ರಿಕೋನದ ಚಿಹ್ನೆಯಷ್ಟೇ ಸಾಲದು, ಸಂಸ್ಥೆ ನೋಂದಾಯಿತವಾಗಿದ್ದರಷ್ಟೇ ಸಾಲದು. ಪ್ರತಿಯೊಬ್ಬ ಎಂಜಿನಿಯರಿಗೂ ಏಳು ಅಂಕಿಯ ಲೈಸೆನ್ಸ್ ಸಂಖ್ಯೆ ಇರುವ ಫೋಟೋ ಗುರುತಿನ ಚೀಟಿ ಇರುತ್ತದೆ. ಮುಂಭಾಗದಲ್ಲಿ ಅದರ ಅವಧಿ ನೋಡಿ, ನಂತರ ತಪ್ಪದೆ ಹಿಂಭಾಗ ತಿರುಗಿಸಿ ನೋಡಿ. ಯಾವ ಅನಿಲದ, ಯಾವ ಉಪಕರಣದ ಕೆಲಸಕ್ಕೆ ಅರ್ಹತೆ ಇದೆ ಎಂಬುದು ಅಲ್ಲೇ ಅಚ್ಚಾಗಿರುತ್ತದೆ. ನೈಸರ್ಗಿಕ ಅನಿಲಕ್ಕೆ ಮಾತ್ರ ಅರ್ಹತೆ ಇರುವವರು ನಿಮ್ಮ ಎಲ್‌ಪಿಜಿ ಒಲೆಯನ್ನು ಮುಟ್ಟುವಂತಿಲ್ಲ. ಎಲ್‌ಪಿಜಿಯಲ್ಲೂ ಶಾಶ್ವತ ಮನೆಗೆ ಬೇರೆ, ಪಾರ್ಕ್ ಹೋಮ್‌ಗೆ (ಜನ ಕಾಯಂ ವಾಸಿಸುವ, ಸಾಗಿಸಬಹುದಾದ ಮನೆಗೆ) ಬೇರೆ, ರಜಾ ಕ್ಯಾರವಾನಿಗೆ ಬೇರೆ, ದೋಣಿಗೆ ಬೇರೆ ಅರ್ಹತೆಗಳಿವೆ. ಕಾಟೇಜಿನ ಕೆಲಸ ಚೆನ್ನಾಗಿ ಮಾಡಿದವರನ್ನೇ ಕ್ಯಾರವಾನಿಗೂ ಕರೆಯುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ. ಲೈಸೆನ್ಸ್ ಸಂಖ್ಯೆಯನ್ನು ಮೊದಲೇ ಕೇಳಿ ಪಡೆದು ಜಾಲತಾಣದಲ್ಲಿ ಹಾಕಿ ನೋಡಿದರೆ ಊರಿಗೆ ಹೋಗದೆಯೂ ಇದೆಲ್ಲ ತಿಳಿಯುತ್ತದೆ.

ಭಾರತದಿಂದ ವ್ಯವಹರಿಸುವವರು ಕರೆ ಮಾಡುವ ಹೊತ್ತನ್ನು ಗಮನಿಸಬೇಕು. ಒಬ್ಬರೇ ದುಡಿಯುವ ಎಂಜಿನಿಯರುಗಳು ಕೆಲಸದ ನಡುವೆ ಫೋನ್ ಎತ್ತುವುದು ಕಡಿಮೆ. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ ಒಂದೂವರೆ ಆದಾಗ ಅಲ್ಲಿ ಬೆಳಿಗ್ಗೆ ಎಂಟು. ಅವರು ವ್ಯಾನ್ ಹತ್ತುವ ಮುಂಚಿನ ಆ ವೇಳೆಯೇ ಸರಿ.

5. ಏನು ಬೇಕೆಂದು ಬರಹದಲ್ಲಿ ತಿಳಿಸಿ

ತಪಾಸಣೆ ಬೇರೆ, ಸರ್ವಿಸ್ ಬೇರೆ. ತಪಾಸಣೆಯಲ್ಲಿ ಉಪಕರಣ ಸುರಕ್ಷಿತವಾಗಿದೆಯೇ ಎಂದು ನೋಡುತ್ತಾರೆ: ಗ್ಯಾಸಿನ ಒತ್ತಡ ಅಥವಾ ಉಷ್ಣದ ಪ್ರಮಾಣ, ಗಾಳಿಯಾಡುವಿಕೆ, ಫ್ಲೂವಿನ ಹರಿವು, ಸುರಕ್ಷತಾ ಸಾಧನಗಳು. ಸರ್ವಿಸ್ ಎಂದರೆ ಬಿಚ್ಚಿ ಶುಚಿಗೊಳಿಸಿ, ಸವೆದದ್ದನ್ನು ಬದಲಿಸುವುದು. ಒಂದನ್ನು ಕೇಳಿದರೆ ಇನ್ನೊಂದು ತಾನಾಗಿ ಬರುವುದಿಲ್ಲ. ಕಡಲ ಗಾಳಿಯಲ್ಲಿರುವ ಮನೆಗೆ ಎರಡನ್ನೂ ಒಟ್ಟಿಗೆ ಮಾಡಿಸಿ ಎಂಬುದು ನನ್ನ ಖಚಿತ ಸಲಹೆ. ಗ್ಯಾಸ್ ಕೊಳವೆಗಳಲ್ಲಿ ಸೋರಿಕೆ ಇದೆಯೇ ಎಂದು ನೋಡುವ ಟೈಟ್‌ನೆಸ್ ಪರೀಕ್ಷೆಯನ್ನೂ ಹೆಸರಿಸಿಯೇ ಕೇಳಿ. ತಪಾಸಣೆಗೆ ಸರ್ಕಾರ ನಿಗದಿಪಡಿಸಿದ ದರವಿಲ್ಲ. ಉಪಕರಣಗಳ ಸಂಖ್ಯೆ, ಓಡಾಟದ ದೂರ, ಪಾರ್ಕಿಂಗ್ ಶುಲ್ಕ ಸೇರಿ ಎಷ್ಟಾಗುತ್ತದೆ ಎಂದು ಇಬ್ಬರು ಮೂವರಲ್ಲಿ ಕೇಳಿ. ತೀರ ಕಡಿಮೆ ದರಕ್ಕೆ ಬರುವವರು ಹದಿನೈದು ನಿಮಿಷದಲ್ಲಿ ಮೂರು ಉಪಕರಣ ಮುಗಿಸಿ ಹೊರಟರೆ ಆ ಕಾಗದದಿಂದ ನಿಮ್ಮ ಅತಿಥಿಗಳಿಗೆ ಯಾವ ರಕ್ಷಣೆಯೂ ಸಿಗುವುದಿಲ್ಲ.

ಉಪ್ಪಿನ ಗಾಳಿ ಮಾಡುವ ಹಾನಿಯನ್ನು ಒಮ್ಮೆ ಹತ್ತಿರದಿಂದ ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಕಡಲಿಗೆ ಮುಖ ಮಾಡಿದ ಗೋಡೆಯಲ್ಲಿ ಫ್ಲೂವಿನ ಬಾಯಿಗೆ ಹಾಕಿದ ಜಾಲರಿಯ ಸ್ಕ್ರೂಗಳು ತುಕ್ಕು ಹಿಡಿದು, ಗೋಡೆಯ ಮೇಲೆ ಕಂದು ಬಣ್ಣದ ನೀರಿಳಿದ ಗುರುತು ಬಿದ್ದಿರುತ್ತದೆ. ಜಾಲರಿ ಸಡಿಲವಾದರೆ ಹಕ್ಕಿ ಗೂಡು ಕಟ್ಟುತ್ತದೆ. ಸಿಲಿಂಡರಿನ ರೆಗ್ಯುಲೇಟರ್ ಹೊರಗೇ ಇರುವುದರಿಂದ ಅದರ ಮೈಯೂ ತಿನ್ನಿಹೋಗುತ್ತದೆ, ರಬ್ಬರ್ ಹೋಸ್ ಬಾಗಿಸಿದಾಗ ಸಣ್ಣ ಬಿರುಕುಗಳು ತೋರುತ್ತವೆ. ಹೋಸಿನ ಮೇಲೆ ತಯಾರಾದ ದಿನಾಂಕ ಅಚ್ಚಾಗಿರುತ್ತದೆ, ಅದನ್ನು ಓದಿ. ಇವನ್ನೆಲ್ಲ ವಿಶೇಷವಾಗಿ ನೋಡಿ ಎಂದು ಎಂಜಿನಿಯರಿಗೆ ತಿಳಿಸಿ. ಎಲ್‌ಪಿಜಿ ಗಾಳಿಗಿಂತ ಭಾರವಾದದ್ದು, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ಇಳಿಜಾರಿನ ಹಳ್ಳಿಗಳಲ್ಲಿ ಸಿಲಿಂಡರುಗಳ ಕೆಳಗೆ ನೆಲಮಾಳಿಗೆಯ ಕಿಂಡಿಯೋ ಚರಂಡಿಯ ಬಾಯಿಯೋ ಇದ್ದರೆ ಆ ಜಾಗವನ್ನೂ ತೋರಿಸಿ.

6. ಅವರು ಬರುವ ದಿನಕ್ಕೆ ಮನೆಯನ್ನು ಅಣಿಗೊಳಿಸಿ

ಉಪಕರಣ ಉರಿಸದೆ ತಪಾಸಣೆ ಸಾಧ್ಯವಿಲ್ಲ. ಚಳಿಗಾಲದಲ್ಲಿ ಮುಚ್ಚಿದ ಮನೆಯಲ್ಲಿ ವಿದ್ಯುತ್ ಆರಿಸಿಟ್ಟಿರುತ್ತಾರೆ, ನೀರು ನಿಲ್ಲಿಸಿರುತ್ತಾರೆ, ಸಿಲಿಂಡರ್ ಖಾಲಿಯಾಗಿರುತ್ತದೆ, ಮುಂಗಡ ಪಾವತಿಯ ಮೀಟರಿನಲ್ಲಿ ಹಣವಿರುವುದಿಲ್ಲ. ಎಂಜಿನಿಯರ್ ವಾಪಸು ಹೋದರೆ ಮುಂದಿನ ದಿನಾಂಕ ತಿಂಗಳಾಚೆಗೆ ಸಿಗಬಹುದು. ಹಿಂದಿನ ದಿನವೇ ಸ್ವಚ್ಛತೆಯವರಿಂದಲೋ ನೆರೆಯವರಿಂದಲೋ ಇವನ್ನೆಲ್ಲ ಖಚಿತಪಡಿಸಿಕೊಳ್ಳಿ. ಬಾಯ್ಲರ್ ಕಪಾಟಿನಲ್ಲಿ ತುರುಕಿಟ್ಟ ಹಾಸಿಗೆ ವಸ್ತ್ರಗಳನ್ನು ತೆಗೆಸಿ. ಕೀಲಿಪೆಟ್ಟಿಗೆಯ ಸಂಖ್ಯೆ ಸರಿಯಿದೆಯೇ ನೋಡಿ. ಫ್ಲೂ ಛಾವಣಿಯ ಅಥವಾ ಗೋಡೆಯ ಒಳಗೆ ಮರೆಯಾಗಿ ಹಾದುಹೋಗಿದ್ದರೆ ಅದನ್ನು ನೋಡಲು ತೆರೆಯುವ ಕಿಂಡಿಗಳಿರಬೇಕು. ಅವಿಲ್ಲದಿದ್ದರೆ ಬಾಯ್ಲರನ್ನು ಸುರಕ್ಷಿತವೆಂದು ಬರೆದುಕೊಡಲು ಅವರು ಒಪ್ಪದಿರಬಹುದು. ಅದು ಅವರ ಹಟವಲ್ಲ, ಕರ್ತವ್ಯ.

7. ದಾಖಲೆಯನ್ನು ಸಾಲು ಸಾಲಾಗಿ ಓದಿ

ತಪಾಸಣೆಯ ನಂತರ ಸಿಗುವ ಕಾಗದವನ್ನು ಅಲ್ಲಿನವರು ಇಂದಿಗೂ ಸಿಪಿ12 ಎನ್ನುತ್ತಾರೆ. ಅದು ಕೋರ್ಗಿ ಕಾಲದ ನಮೂನೆಯ ಹೆಸರು. ಅದರಲ್ಲಿ ಮನೆಯ ವಿಳಾಸ, ಮಾಲೀಕರ ಅಥವಾ ಏಜೆಂಟರ ಹೆಸರು ಮತ್ತು ವಿಳಾಸ, ಪ್ರತಿ ಉಪಕರಣ ಇರುವ ಜಾಗ, ಕಂಡ ದೋಷ, ಮಾಡಿದ ಅಥವಾ ಮಾಡಬೇಕಾದ ಸರಿಪಡಿಕೆ, ದಿನಾಂಕ, ಎಂಜಿನಿಯರಿನ ಹೆಸರು, ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು. ನಿಮ್ಮ ಪಟ್ಟಿಯಲ್ಲಿ ನಾಲ್ಕು ಉಪಕರಣಗಳಿದ್ದು ಕಾಗದದಲ್ಲಿ ಮೂರೇ ಇದ್ದರೆ ಆ ದಿನವೇ ಕೇಳಿ.

ದೋಷವನ್ನು ಗುರುತಿಸಲು ಎರಡು ದರ್ಜೆಗಳಿವೆ. "ತಕ್ಷಣದ ಅಪಾಯ" ಎಂದು ಬರೆದರೆ ನಿಮ್ಮ ಒಪ್ಪಿಗೆ ಪಡೆದು ಉಪಕರಣದ ಸಂಪರ್ಕ ತೆಗೆಯುತ್ತಾರೆ; "ಅಪಾಯದ ಸಾಧ್ಯತೆ" ಎಂದಾದರೆ ಆರಿಸಿ, ಬಳಸಬೇಡಿ ಎಂಬ ಚೀಟಿ ಅಂಟಿಸುತ್ತಾರೆ. ಶನಿವಾರ ಅತಿಥಿಗಳು ಬರುತ್ತಾರೆ ಎಂಬ ಕಾರಣಕ್ಕೆ ಆ ಚೀಟಿ ಕಿತ್ತು ಒಲೆ ಹಚ್ಚುವ ಯೋಚನೆ ಮನಸ್ಸಿಗೂ ಬರಬಾರದು. ವಿದ್ಯುತ್ ಹೀಟರ್ ಕೊಡಿ, ಬಾಡಿಗೆ ಕಡಿಮೆ ಮಾಡಿ, ಅಥವಾ ಬುಕಿಂಗ್ ರದ್ದು ಮಾಡಿ.

ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕು. ಮೇಲೆ ಹೇಳಿದ ಎರಡು ತಿಂಗಳ ಅನುಕೂಲ ಬಳಸುವವರು ಮುಂದಿನ ಎರಡು ತಪಾಸಣೆಗಳು ಮುಗಿಯುವವರೆಗೂ ಇಟ್ಟುಕೊಳ್ಳಬೇಕು. 28 ದಿನಕ್ಕಿಂತ ಕಡಿಮೆ ಅವಧಿಗೆ ಉಳಿಯುವ ಅತಿಥಿಗಳಿಗೆ ಪ್ರತಿ ಕೊಡುವ ಬದಲು ಮನೆಯೊಳಗೆ ಎದ್ದುಕಾಣುವ ಕಡೆ ಹಾಕಿದರೆ ಸಾಕು. ಸ್ಕಾಟ್ಲೆಂಡಿನಲ್ಲಿ ಅಲ್ಪಾವಧಿ ಬಾಡಿಗೆಗೆ ಲೈಸೆನ್ಸ್ ಬೇಕಾಗಿರುವುದರಿಂದ ಅಲ್ಲಿ ಈ ದಾಖಲೆ ಲೈಸೆನ್ಸಿನ ಷರತ್ತೂ ಹೌದು. ಮನೆಯನ್ನು ಏಜೆನ್ಸಿಯೊಂದು ನೋಡಿಕೊಳ್ಳುತ್ತಿದ್ದರೆ ತಪಾಸಣೆ ಯಾರ ಹೊಣೆ ಎಂಬುದು ಕರಾರಿನಲ್ಲಿ ಬರಹದಲ್ಲಿರಲಿ, ಮತ್ತು ಪ್ರತಿ ವರ್ಷ ಪ್ರತಿಯನ್ನು ತರಿಸಿ ನೀವೇ ಓದಿ.

8. ಅತಿಥಿಗಳಿಗಾಗಿ ಮಾಡಬೇಕಾದದ್ದು

ಗ್ಯಾಸ್, ಎಣ್ಣೆ, ಕಟ್ಟಿಗೆ ಏನೇ ಉರಿಯುವ ಕೋಣೆಯಾದರೂ ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡಿ. ಮನೆಗೆ ಬಿಎಸ್ ಇಎನ್ 50291-1 ಎಂಬ ಗುಣಮಟ್ಟದ ಗುರುತಿನದು, ಕ್ಯಾರವಾನಿಗೆ 50291-2 ಗುರುತಿನದು ಬೇಕು. ಅದರ ಮೇಲೆ ಬದಲಿಸಬೇಕಾದ ದಿನಾಂಕ ಬರೆದಿರುತ್ತದೆ. ಅತಿಥಿಗಳು ಬದಲಾಗುವ ದಿನ ಪರೀಕ್ಷಾ ಗುಂಡಿ ಒತ್ತುವುದನ್ನು ಸ್ವಚ್ಛತೆಯವರ ಕೆಲಸದ ಪಟ್ಟಿಗೆ ಸೇರಿಸಿ.

ಅಡುಗೆಮನೆಯಲ್ಲಿ ಒಂದು ಹಾಳೆ ಅಂಟಿಸಿ. ಗ್ಯಾಸ್ ಪೂರ್ತಿ ನಿಲ್ಲಿಸುವ ತಿರುಪು ಎಲ್ಲಿದೆ, ವಾಸನೆ ಬಂದರೆ ಕಿಟಕಿ ತೆರೆದು ಹೊರಗೆ ಹೋಗಬೇಕು, ಸ್ವಿಚ್ ಮುಟ್ಟಬಾರದು, ಕೊಳವೆ ಅನಿಲವಾದರೆ ಹೊರಗಿನಿಂದ 0800 111 999ಕ್ಕೆ ಕರೆ ಮಾಡಬೇಕು ಎಂದು ಬರೆಯಿರಿ. ಎಲ್‌ಪಿಜಿಯಾದರೆ ಟ್ಯಾಂಕ್ ಅಥವಾ ಸಿಲಿಂಡರ್ ಮೇಲಿರುವ ಪೂರೈಕೆದಾರರ ತುರ್ತು ಸಂಖ್ಯೆಯನ್ನು ಬರೆಯಿರಿ. ಮನೆಯೊಳಗೆ ಹಲವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವಿಕೆ ಕಂಡು, ಹೊರಗೆ ಬಂದಾಗ ಕಡಿಮೆಯಾದರೆ ಅದು ವಿಷಾನಿಲದ ಲಕ್ಷಣವಾಗಿರಬಹುದು ಎಂಬುದನ್ನೂ, ನೀಲಿಯಾಗಿರಬೇಕಾದ ಒಲೆಯ ಜ್ವಾಲೆ ಹಳದಿಯಾದರೆ ಆರಿಸಬೇಕೆಂಬುದನ್ನೂ, ಮಳೆ ಬಂತೆಂದು ಇದ್ದಿಲಿನ ಬಾರ್ಬೆಕ್ಯೂವನ್ನು ಒಳಗೆ ತರಬಾರದೆಂಬುದನ್ನೂ ಸೇರಿಸಿ. ಊರಿನಿಂದ ಬಂದ ಅಪ್ಪ ಅಮ್ಮಂದಿರು ಆ ಮನೆಯಲ್ಲಿ ಉಳಿಯುವುದಿದ್ದರೆ ಇದೇ ಹಾಳೆಯನ್ನು ಕನ್ನಡದಲ್ಲೂ ಬರೆದು ಪಕ್ಕದಲ್ಲಿ ಅಂಟಿಸಿ, ತಿರುಪನ್ನು ಒಮ್ಮೆ ಅವರ ಕೈಯಿಂದಲೇ ತಿರುಗಿಸಿ ತೋರಿಸಿ.

ಎಂಜಿನಿಯರಿನ ಬಿಲ್ಲನ್ನು ಬಂದ ದಿನವೇ ಪಾವತಿಸಿ, ಮುಂದಿನ ಜನವರಿಯ ದಿನಾಂಕವನ್ನು ಆಗಲೇ ಕೇಳಿ ಬರೆಸಿಕೊಳ್ಳಿ. ಎಂಜಿನಿಯರುಗಳು ಕಡಿಮೆ ಇರುವ ಹಳ್ಳಿಯಲ್ಲಿ, ಮನೆಯನ್ನು ಒಮ್ಮೆ ನೋಡಿರುವವರೇ ಮತ್ತೆ ಬರುವಂತಾದರೆ ಫೋಟೋ ಕಳಿಸುವ, ದರ ವಿಚಾರಿಸುವ ಕೆಲಸ ಮುಂದಿನ ವರ್ಷ ತಪ್ಪುತ್ತದೆ.